ಬೇಸಿಗೆಯ ಓಟವೂ ದೇಹದ ಉಷ್ಣವೂ

ಏಪ್ರಿಲ್ ತಿಂಗಳು ಬಂದಿತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರಕಾರಿ ಕಚೇರಿಗಳ ವೇಳೆ ಬದಲಾಗುವ ಪದ್ಧತಿ ವಾಚಕರಿಗೆಲ್ಲ ತಿಳಿದದ್ದೇ. ಮುಂಜಾನೆ ಎಂಟಕ್ಕೆ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವರು. ಮೇ ತಿಂಗಳಲ್ಲಿ ನಮ್ಮ ಬೀದರದ ಉಷ್ಣಮಾನ 40 ಡಿಗ್ರಿ ಸೆಲ್ಸಿಯಸ್ಸಿನ ಆಚೀಚೆ ಇರುತ್ತದೆ. ನೆರಳಿನಲ್ಲಿ ಕುರ್ಚಿಯ ಮೇಲೆ ಕುಳಿತು ಬರೆಯುವವರಿಗೂ ಆ ಹೊತ್ತು ಕಠಿಣವೆಂದು ಸರಕಾರವೇ ಒಪ್ಪಿಕೊಂಡಿದೆ. ಆದರೆ ಅದೇ ಸರಕಾರದ ನೌಕರಿಯನ್ನು ಬಯಸಿ ಓಡುವ ತರುಣರಿಗೆ ಇಂಥ ಹೊತ್ತಿನಲ್ಲಿ ಓಡಿರಿ, ಇಂಥ ಹೊತ್ತಿನಲ್ಲಿ ನಿಲ್ಲಿರಿ ಎಂದು ವೇಳಾಪಟ್ಟಿ ಮಾಡಿಕೊಟ್ಟವರು ಯಾರೂ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಓಟವು ಕೇವಲ ಕ್ರೀಡೆಯಾಗಿ ಉಳಿದಿಲ್ಲ. ಪೋಲೀಸ್ ಕಾನ್ಸ್‌ಟೇಬಲ್ ಹುದ್ದೆಯ ದೇಹದಾರ್ಢ್ಯ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು ಆರೂವರೆ ನಿಮಿಷಗಳಲ್ಲಿಯೂ, ಮಹಿಳೆಯರು 400 ಮೀಟರನ್ನು ಎರಡು ನಿಮಿಷಗಳಲ್ಲಿಯೂ ಓಡಿ ಮುಗಿಸಬೇಕು. ಸೈನ್ಯದ ಭರತಿಯಲ್ಲಿಯೂ ಒಂದು ಮೈಲಿಯ ಓಟವಿದೆ. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗಕ್ಕೆ ಹುದ್ದೆಗಳಲ್ಲಿ ಮೀಸಲಾತಿ ದೊರೆತ ಮೇಲೆ ಹಳ್ಳಿಯ ಹುಡುಗರ ಆಸೆಯೂ ಚಿಗುರಿದೆ. ಆದ್ದರಿಂದ ಬೀದರದ ನೆಹರು ಕ್ರೀಡಾಂಗಣದಲ್ಲಿ, ಭಾಲ್ಕಿಯ ಬಯಲುಗಳಲ್ಲಿ, ಔರಾದದ ಡಾಂಬರು ರಸ್ತೆಗಳ ಅಂಚಿನಲ್ಲಿ ಓಡುವವರ ಗುಂಪುಗಳನ್ನು ಕಾಣಬಹುದು. ಪದವಿಯ ಪರೀಕ್ಷೆಗಳು ಮುಗಿದು ಬಿಡುವು ಸಿಗುವುದು ಬೇಸಿಗೆಯಲ್ಲಿಯೇ ಆದುದರಿಂದ ಅಭ್ಯಾಸವೂ ಬೇಸಿಗೆಯಲ್ಲಿಯೇ ಬಿರುಸಾಗುವುದು. ನನ್ನ ಸಹಪಾಠಿಗಳಲ್ಲಿ ಅನೇಕರು ಈ ಗುಂಪಿನವರು. ಅವರಿಗಾಗಿಯೇ ಈ ನಾಲ್ಕು ಮಾತು.

ಬಿಸಿಲಿನಲ್ಲಿ ಓಡುವವನಿಗೆ ಉಷ್ಣವು ಮೇಲಿನಿಂದ, ಅಂದರೆ ಸೂರ್ಯನಿಂದ ಬರುತ್ತದೆಂದು ನಾವೆಲ್ಲರೂ ತಿಳಿದಿರುತ್ತೇವೆ. ಇದು ಅರ್ಧ ಸತ್ಯ. ಉಳಿದರ್ಧ ಉಷ್ಣವು ಓಡುವವನ ಒಳಗಿನಿಂದಲೇ ಹುಟ್ಟುವುದು. ನಾವು ಉಂಡ ರೊಟ್ಟಿಯಿಂದ ಬರುವ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಕಾಲುಗಳ ಚಲನೆಗೆ ಸಲ್ಲುತ್ತದೆ. ಮಿಕ್ಕ ಮುಕ್ಕಾಲು ಪಾಲು ಶಾಖವಾಗಿ ಮೈಯಲ್ಲಿ ಉಳಿಯುತ್ತದೆ. ಲೆಕ್ಕ ಮಾಡಿ ನೋಡೋಣ. 60 ಕಿಲೋ ತೂಕದ ತರುಣನೊಬ್ಬನು ಒಂದು ಕಿಲೋಮೀಟರ್ ಓಡಿದರೆ ಸುಮಾರು 60 ಕಿಲೋಕ್ಯಾಲರಿ ಶಕ್ತಿ ವೆಚ್ಚವಾಗುತ್ತದೆ. ಇದರಲ್ಲಿ 45ರಷ್ಟು ಶಾಖ. ಅವನ ಮೈಯನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 50 ಕಿಲೋಕ್ಯಾಲರಿ ಸಾಕು. ಎಂದರೆ ಮೈಯ ಶಾಖ ಹೊರಗೆ ಹೋಗುವ ದಾರಿಯನ್ನು ಪೂರ್ತಿಯಾಗಿ ಮುಚ್ಚಿಬಿಟ್ಟರೆ, ಪ್ರತಿ ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿಯಂತೆ ಮೈ ಕಾಯುತ್ತ ಹೋಗುವುದು! ಸಹಜವಾಗಿ 37 ಡಿಗ್ರಿ ಇರುವ ನಮ್ಮ ಒಳಮೈ 40ನ್ನು ದಾಟಿ, ಅದರೊಡನೆ ಬುದ್ಧಿಯೂ ಕದಡಿದರೆ ಅದನ್ನು ವೈದ್ಯರು ಉಷ್ಣಾಘಾತವೆನ್ನುವರು. ಮೂರು ನಾಲ್ಕು ಕಿಲೋಮೀಟರಿನ ಅಂತರ ಅಷ್ಟೆ.

ಹಾಗಾದರೆ ದಿನವೂ ಓಡುವವರೆಲ್ಲ ಬದುಕಿರುವುದು ಹೇಗೆ? ಇದಕ್ಕೆ ಉತ್ತರ ನಮ್ಮ ಮನೆಯ ಮೂಲೆಯಲ್ಲಿರುವ ಮಣ್ಣಿನ ಗಡಿಗೆಯಲ್ಲಿದೆ.

ಗಡಿಗೆಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುವುದರಿಂದ ನೀರು ಒಸರಿ ಹೊರಮೈ ಸದಾ ಒದ್ದೆಯಾಗಿರುತ್ತದೆ. ಆ ನೀರು ಆವಿಯಾಗಿ ಹೋಗುವಾಗ ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ. ನಮ್ಮ ಬೆವರಿನ ಕೆಲಸವೂ ಇದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಮೈಬಿಟ್ಟು ಹೋಗುವುದು. ಮೇಲೆ ಹೇಳಿದ ತರುಣನು ಒಂದು ಕಿಲೋಮೀಟರಿನ ಶಾಖವನ್ನು ಕಳೆದುಕೊಳ್ಳಲು 80 ಮಿಲಿಲೀಟರಿನಷ್ಟು, ಅಂದರೆ ಹೋಟೆಲಿನ ಒಂದು ಚಹಾದ ಗ್ಲಾಸಿನಷ್ಟು ಬೆವರು ಆರಿದರೆ ಸಾಕು. ಬೆವರು ಸುರಿದರೆ ಸಾಲದು, ಆರಬೇಕು ಎಂಬುದನ್ನು ಇಲ್ಲಿ ಲಕ್ಷ್ಯದಲ್ಲಿಡಬೇಕು. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ನೀರಿನ ನಷ್ಟವೇ ಹೊರತು ತಂಪಿನ ಲಾಭವಿಲ್ಲ.

ಗಡಿಗೆಯ ಗುಣವನ್ನು ಬಲ್ಲವರಿಗೆ ಇನ್ನೊಂದು ಸಂಗತಿಯೂ ಗೊತ್ತು. ಮೇ ತಿಂಗಳ ಒಣ ಗಾಳಿಯಲ್ಲಿ ಗಡಿಗೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪಾಗಿರುತ್ತದೆ. ಅದೇ ಗಡಿಗೆ ಜುಲೈ ತಿಂಗಳ ಮಬ್ಬಿನಲ್ಲಿ ಅಷ್ಟು ತಂಪು ಕೊಡುವುದಿಲ್ಲ. ಗಾಳಿಯಲ್ಲಿ ಮೊದಲೇ ನೀರು ತುಂಬಿರುವುದರಿಂದ ಒಸರಿದ ನೀರು ಆರಲಾರದು. ಓಟಗಾರನ ಪಾಡೂ ಹಾಗೆಯೇ. ಜೂನಿನಲ್ಲಿ ಮೊದಲ ಮಳೆ ಬಿದ್ದು ಉಷ್ಣಮಾನ 32ಕ್ಕೆ ಇಳಿದಾಗ “ಇನ್ನೇನು, ತಂಪಾಯಿತು” ಎಂದು ಅಭ್ಯಾಸವನ್ನು ಇಮ್ಮಡಿಗೊಳಿಸುವವರಿದ್ದಾರೆ. ಉಷ್ಣಮಾಪಕದ ಅಂಕಿ ಇಳಿದಿದ್ದರೂ ಅವರ ಬೆವರು ಆರದೆ ಮೈಮೇಲೆಯೇ ನಿಲ್ಲುತ್ತದೆ. 2019ರಲ್ಲಿ ಕತಾರ್ ದೇಶದ ದೋಹಾ ನಗರದಲ್ಲಿ ವಿಶ್ವ ಅಥ್ಲೆಟಿಕ್ ಪಂದ್ಯಗಳು ನಡೆದಾಗ ಬಿಸಿಲಿಗೆ ಹೆದರಿ ಮಹಿಳೆಯರ ಮ್ಯಾರಥಾನನ್ನು ನಡುರಾತ್ರಿಯಲ್ಲಿ ಆರಂಭಿಸಿದರು. ಸೂರ್ಯನಿಲ್ಲದಿದ್ದರೂ 30 ಡಿಗ್ರಿಗೆ ಮೀರಿದ ಸೆಕೆಯೂ ಕಡಲಿನ ತೇವವೂ ಇದ್ದವು. ಹೊರಟ 68 ಮಂದಿಯಲ್ಲಿ 28 ಮಂದಿ ಗುರಿ ಮುಟ್ಟಲಿಲ್ಲ. ಅವರೆಲ್ಲ ಜಗತ್ತಿನ ಶ್ರೇಷ್ಠ ಓಟಗಾರ್ತಿಯರೆಂಬುದನ್ನು ಮರೆಯಬಾರದು.

ಇನ್ನು ಗಡಿಗೆಗೆ ಎಣ್ಣೆಬಣ್ಣ ಬಳಿದರೆ ಏನಾಗುವುದು? ನೋಡಲು ಚೆಂದ, ನೀರು ಮಾತ್ರ ಬೆಚ್ಚಗೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ ಮ್ಯಾರಥಾನ್ ಓಟದಲ್ಲಿ ಇಂಥದೇ ಒಂದು ದುರಂತ ನಡೆಯಿತು. ಅಂದು ನೆರಳಿನಲ್ಲಿಯೇ ಉಷ್ಣಮಾನ 30 ಡಿಗ್ರಿಯನ್ನು ದಾಟಿತ್ತು. ಪೋರ್ಚುಗಲ್ ದೇಶದ ಫ್ರಾನ್ಸಿಸ್ಕೊ ಲಾಜರೊ ಎಂಬ ತರುಣನು ಬಿಸಿಲಿನಿಂದ ಚರ್ಮವನ್ನು ಕಾಪಾಡಿಕೊಳ್ಳಲೆಂದು ಮೈಗೆಲ್ಲ ಮೇಣದಂಥ ಜಿಡ್ಡನ್ನು ಬಳಿದುಕೊಂಡಿದ್ದನೆಂದು ಹೇಳುವರು. ದಾರಿಯಲ್ಲಿ ಕುಸಿದು ಬಿದ್ದ ಅವನು ಮರುದಿನ ತೀರಿಕೊಂಡನು. ಅದೇ ಓಟದಲ್ಲಿ ಜಪಾನಿನ ಶಿಜೊ ಕನಕುರಿ ಎಂಬಾತನು ಸೆಕೆ ತಾಳಲಾರದೆ ನಡುವೆ ಓಟವನ್ನು ಬಿಟ್ಟು, ಅಧಿಕಾರಿಗಳಿಗೂ ತಿಳಿಸದೆ ಊರಿಗೆ ಮರಳಿದನು. 1967ರಲ್ಲಿ ಅವನನ್ನು ಮತ್ತೆ ಸ್ಟಾಕ್‌ಹೋಮಿಗೆ ಕರೆಸಿ ಉಳಿದ ಓಟವನ್ನು ಮುಗಿಸಲು ಅವಕಾಶ ಕೊಟ್ಟರು. 54 ವರ್ಷಗಳ ಮೇಲಾಗಿತ್ತು. ಕೇಳಲು ನಗೆ ಬರುವ ಕಥೆಯಾದರೂ, ನಿಲ್ಲಬೇಕಾದಲ್ಲಿ ನಿಂತವನು ಮುದುಕನಾಗುವವರೆಗೆ ಬದುಕಿದನೆಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಮೇಣ ಬಳಿದುಕೊಳ್ಳುವವರು ಇಂದು ಯಾರಿದ್ದಾರೆ ಎಂದು ಕೇಳಬಹುದು. ಇದ್ದಾರೆ. ತೂಕ ಇಳಿಸಿಕೊಳ್ಳಲೆಂದು ರೇನ್‌ಕೋಟ್ ತೊಟ್ಟು, ಹೊಟ್ಟೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಓಡುವವರನ್ನು ನಮ್ಮ ಮೈದಾನಗಳಲ್ಲಿಯೇ ನೋಡಬಹುದು. ಬೆವರು ಧಾರೆಯಾಗಿ ಇಳಿಯುವುದನ್ನು ಕಂಡು ಅವರು ಕೊಬ್ಬು ಕರಗಿತೆಂದು ಸಂತೋಷಪಡುವರು. ಕರಗಿದ್ದು ಕೊಬ್ಬಲ್ಲ, ನೀರು. ಎರಡು ತಂಬಿಗೆ ನೀರು ಕುಡಿದ ಕೂಡಲೆ ಆ ತೂಕ ಮರಳಿ ಬರುವುದು.

ಕಳೆದ ವರ್ಷ ಏಪ್ರಿಲ್ ತಿಂಗಳಲ್ಲಿ ಭಾಲ್ಕಿಯಲ್ಲಿ ನಾನು ಕಂಡ ಒಂದು ಘಟನೆಯನ್ನು ಇಲ್ಲಿ ಹೇಳುವುದು ಉಚಿತ. ಔರಾದ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಹುಡುಗನೊಬ್ಬನು ರಾತ್ರಿ ಸರಿಯಾಗಿ ನಿದ್ರೆಯಿಲ್ಲದೆ, ಮುಂಜಾನೆ ಏನೂ ತಿನ್ನದೆ ಅಭ್ಯಾಸಕ್ಕೆ ನಿಂತಿದ್ದನು. ಮೈಮೇಲೆ ರೇನ್‌ಕೋಟ್. ಓಟದ ಮುಂಚೆ ನೀರು ಕುಡಿದರೆ ಹೊಟ್ಟೆ ಹಿಡಿಯುವುದೆಂದು ಅವನಿಗೆ ಯಾರೋ ತಿಳಿಸಿಕೊಟ್ಟಿದ್ದರು. ಒಂಬತ್ತು ಗಂಟೆಯ ಬಿಸಿಲಿನಲ್ಲಿ ಎಂಟನೆಯ ಸುತ್ತು ಓಡುತ್ತಿದ್ದವನು ಒಮ್ಮೆಲೆ ತಿರುಗಿ ಎದುರು ದಿಕ್ಕಿಗೆ ನಡೆಯತೊಡಗಿದನು. ಗೆಳೆಯರು ಕರೆದರೆ ಬೈದನು. ತಮಾಷೆಯೆಂದು ಎಲ್ಲರೂ ನಕ್ಕರು. ನಾಲ್ಕು ಹೆಜ್ಜೆಯಲ್ಲಿ ಕುಸಿದು ಕುಳಿತನು. ಮೈ ಮುಟ್ಟಿದರೆ ಹಂಚಿನಂತೆ ಕಾದಿತ್ತು. ಒಬ್ಬನು ಮೋಟರು ಸೈಕಲ್ ತರಲು ಓಡಿದನು. ಇನ್ನೊಬ್ಬನು ಉಳ್ಳಾಗಡ್ಡಿ ಹುಡುಕಹತ್ತಿದನು. ಆಗ ಹತ್ತಿರದಲ್ಲಿ ಎಮ್ಮೆಗಳಿಗೆ ನೀರು ಕುಡಿಸುತ್ತಿದ್ದ ಮುದುಕರೊಬ್ಬರು ಬಂದು, “ಏ ತಮ್ಮಾ, ದವಾಖಾನಿಗಿ ಆಮ್ಯಾಲ ಒಯ್ಯರಿ, ಮೊದಲ ಆ ಕೋಟ ಬಿಚ್ಚಿ ಮೈಮ್ಯಾಲ ನೀರ ಸುರೀರಿ” ಎಂದು ಗದರಿಸಿ, ತಾವೇ ಬಕೆಟ್ಟಿನಿಂದ ಸುರಿಯತೊಡಗಿದರು. ತೊಟ್ಟಿಯ ನೀರೆಲ್ಲ ಹಾಕಿದ ಮೇಲೆ ಅವನಿಗೆ ತನ್ನ ಹೆಸರು ಹೇಳಲು ಬಂದಿತು. ಆಮೇಲೆ ಎರಡು ದಿನ ದವಾಖಾನೆಯಲ್ಲಿದ್ದು ಹುಡುಗ ಉಳಿದುಕೊಂಡನು. ಆ ಮುದುಕರು ಹೇಳಿದ್ದೇ ವೈದ್ಯಶಾಸ್ತ್ರದ ಮಾತು ಕೂಡ ಎಂಬುದು ನಾನು ಓದಿ ನೋಡಿದಾಗ ತಿಳಿಯಿತು. ಅದನ್ನು ಮುಂದೆ ಹೇಳುವೆನು.

ಒಮ್ಮೆ 1600 ಮೀಟರ್ ಓಡುವುದರಿಂದ ಆರೋಗ್ಯವಂತನಿಗೆ ಉಷ್ಣಾಘಾತವಾಗುವ ಸಂಭವ ಕಡಿಮೆ. ಓಟ ಮುಗಿಯುವುದಕ್ಕೆ ಆರೇಳು ನಿಮಿಷ. ಆದರೆ ಓಟಕ್ಕೆ ಮುಂಚಿನ ಗಂಟೆಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಾತ್ರಿಯೆಲ್ಲ ಬಸ್ಸಿನ ಪ್ರಯಾಣ, ಬಸ್ ನಿಲ್ದಾಣದಲ್ಲಿ ಅರೆನಿದ್ರೆ, ಪರೀಕ್ಷೆಯ ಅಂಜಿಕೆಯಿಂದ ಉಪವಾಸ, ಕಾಗದಪತ್ರ ಹಿಡಿದು ಬಿಸಿಲಿನಲ್ಲಿ ಸಾಲು ನಿಲ್ಲುವುದು, ಇವೆಲ್ಲ ಸೇರಿ ಶಿಳ್ಳೆ ಊದುವ ಮೊದಲೇ ಮೈ ಅರ್ಧ ಸೋತಿರುತ್ತದೆ. ಓಟ ಉದ್ದವಾದಷ್ಟು ಅಪಾಯ ಹೆಚ್ಚು. 2024ರ ಆಗಸ್ಟ್ ಸೆಪ್ಟೆಂಬರಿನಲ್ಲಿ ಜಾರ್ಖಂಡ ರಾಜ್ಯದಲ್ಲಿ ಅಬಕಾರಿ ಕಾನ್ಸ್‌ಟೇಬಲ್ ಭರತಿಗಾಗಿ 10 ಕಿಲೋಮೀಟರ್ ಓಟವನ್ನಿಟ್ಟಾಗ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಪ್ರಾಣ ಕಳೆದುಕೊಂಡರು. ಕಾರಣಗಳ ಬಗ್ಗೆ ವಾದವಿವಾದಗಳು ನಡೆದವು. ಸರಕಾರವು ಕೆಲವು ದಿನ ಓಟವನ್ನೇ ನಿಲ್ಲಿಸಬೇಕಾಯಿತು. ಸತ್ತವರು ನಮ್ಮಂಥವರೇ, ನೌಕರಿಯನ್ನು ಬಯಸಿ ಬಂದ ಬಡವರ ಮಕ್ಕಳು.

“ನಾವು ಒಕ್ಕಲಿಗರ ಮಕ್ಕಳು, ನಮಗೇನು ಬಿಸಿಲು ಹೊಸದೇ?” ಎಂದು ನನ್ನ ಗೆಳೆಯರು ಕೇಳುವರು. ಈ ಪ್ರಶ್ನೆ ವಿಚಾರಯೋಗ್ಯವಾದುದು. ಹೊಲದಲ್ಲಿ ದುಡಿಯುವ ನಮ್ಮ ತಂದೆತಾಯಿಗಳಿಗೆ ಬಿಸಿಲು ತಡೆಯುವ ಶಕ್ತಿ ಇರುವುದು ನಿಜ. ಆದರೆ ಅದು ರಕ್ತದಿಂದ ಬಂದ ಆಸ್ತಿಯಲ್ಲ. ಶಿವರಾತ್ರಿಯಿಂದ ಬಿಸಿಲು ಏರುತ್ತ ಹೋದಂತೆ ದಿನದಿನವೂ ಅದರಲ್ಲಿಯೇ ಇದ್ದು ಗಳಿಸಿಕೊಂಡದ್ದು. ಅದೇ ಸಮಯದಲ್ಲಿ ಮಗನು ಪರೀಕ್ಷೆಗಾಗಿ ಫ್ಯಾನಿನ ಕೆಳಗೆ ಕುಳಿತು ಓದುತ್ತಿರುತ್ತಾನೆ. ಹೊಲದ ಪಹಣಿಯಂತೆ ಮೈಯ ರೂಢಿ ತಂದೆಯಿಂದ ಮಗನಿಗೆ ವರ್ಗವಾಗುವುದಿಲ್ಲ. ಅದೂ ಅಲ್ಲದೆ ತಂದೆಯಾದವನು ನಸುಕಿನಲ್ಲಿ ಹೊಲಕ್ಕೆ ಹೋಗಿ, ನೆತ್ತಿಯ ಮೇಲೆ ಸೂರ್ಯ ಬಂದಾಗ ತಲೆಗೆ ರುಮಾಲು ಸುತ್ತಿ ಬೇವಿನ ಗಿಡದ ಕೆಳಗೆ ಕೂಡುವನು, ಅಂಬಲಿ ಮಜ್ಜಿಗೆ ಕುಡಿಯುವನು. ಆ ಜಾಣತನವನ್ನು ಬಿಟ್ಟು ಬರಿಯ ಬಿಸಿಲನ್ನು ಮಾತ್ರ ನಾವು ಹಿಡಿದುಕೊಂಡರೆ ಹೇಗೆ?

ಮೈಗೆ ಸೆಕೆ ರೂಢಿಯಾಗುವುದನ್ನು ಶಾಸ್ತ್ರಜ್ಞರು ಚೆನ್ನಾಗಿ ಪರಿಶೀಲಿಸಿದ್ದಾರೆ. ಇದರಲ್ಲಿ ನಮ್ಮ ರಾಜ್ಯದ ಕೋಲಾರದ ಚಿನ್ನದ ಗಣಿಗಳಿಗೂ ಒಂದು ಸ್ಥಾನವಿದೆ. 2001ರಲ್ಲಿ ಮುಚ್ಚಿದ ಆ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳವಾಗಿತ್ತು. ಕೆಳಗಿನ ಬಂಡೆಗಳೇ ಕಾದಿರುತ್ತಿದ್ದವು. ನೆಲದೊಳಗೆ ಕುಸಿದು ಬೀಳುವ ಕಾರ್ಮಿಕರನ್ನು ಕುರಿತು ಕ್ಯಾಪ್ಲನ್ ಎಂಬ ವೈದ್ಯರು 1944ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ದಕ್ಷಿಣ ಆಫ್ರಿಕದ ಗಣಿಗಳಲ್ಲಿ 1930ರ ದಶಕದಿಂದಲೇ ಹೊಸ ಕಾರ್ಮಿಕರನ್ನು ಸೆಕೆಗೆ ಮೆಲ್ಲನೆ ಒಗ್ಗಿಸಿ ಕೆಲಸಕ್ಕೆ ಇಳಿಸುವ ಕ್ರಮ ಬಂದಿತು. ಈ ಬಗೆಯ ಅಧ್ಯಯನಗಳಿಂದ ತಿಳಿದುಬಂದಿರುವುದಿಷ್ಟು: ದಿನಕ್ಕೆ ಒಂದು ಗಂಟೆಯ ಆಚೀಚೆ ಸೆಕೆಯಲ್ಲಿ ದೇಹಶ್ರಮ ಮಾಡುತ್ತ ಹೋದರೆ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಮೈ ಬದಲಾಗುವುದು. ರಕ್ತದಲ್ಲಿನ ನೀರಿನ ಅಂಶ ಹೆಚ್ಚಿ, ಅದೇ ಓಟಕ್ಕೆ ಹೃದಯದ ಬಡಿತ ಕಡಿಮೆಯಾಗುತ್ತದೆ. ಬೆವರು ಬೇಗನೆ ಆರಂಭವಾಗಿ ಹೆಚ್ಚು ಬರುತ್ತದೆ, ಆದರೆ ಅದರಲ್ಲಿ ಉಪ್ಪು ಕಡಿಮೆ ಇರುತ್ತದೆ. ಎರಡು ಮೂರು ವಾರ ಅಭ್ಯಾಸ ಬಿಟ್ಟರೆ ಈ ಲಾಭವೆಲ್ಲ ಕರಗಿಹೋಗುವುದು. ಆದ್ದರಿಂದ ಪರೀಕ್ಷೆ ಮುಗಿದ ಮರುದಿನವೇ ಹತ್ತು ಸುತ್ತು ಓಡುವೆನೆಂಬ ಛಲ ಬೇಡ. ಮೊದಲ ನಾಲ್ಕು ದಿನ ಅರ್ಧದೂರ, ಮೆಲ್ಲನೆಯ ಓಟ. ಎರಡು ವಾರಗಳ ಮೇಲೆ ವೇಗದ ಓಟ. ಬಾಯಾರಿಕೆಯನ್ನು ಸಹಿಸುವ ಅಭ್ಯಾಸದಿಂದ ಮಾತ್ರ ಯಾವ ರೂಢಿಯೂ ಬರುವುದಿಲ್ಲ. ನೀರಿಲ್ಲದೆ ಬದುಕುವುದನ್ನು ದೇಹ ಕಲಿಯಲಾರದು.

ಓಡುವ ಹೊತ್ತಿನ ವಿಷಯ. ಮೇ ತಿಂಗಳಲ್ಲಿ ನಮ್ಮಲ್ಲಿ ಸೂರ್ಯೋದಯ ಸುಮಾರು 5 ಗಂಟೆ 45 ನಿಮಿಷಕ್ಕೆ. ದಿನದಲ್ಲಿ ಅತಿ ತಂಪಾದ ಹೊತ್ತು ಅದರ ಮುಂಚಿನ ಅರ್ಧಗಂಟೆ. ಐದಕ್ಕೆ ಆರಂಭಿಸಿ ಏಳರೊಳಗೆ ಮುಗಿಸುವುದು ಉತ್ತಮ. ಸಂಜೆ ಐದಕ್ಕೆ ಬಿಸಿಲು ಇಳಿದಂತೆ ಕಂಡರೂ ಬೀದರದ ಮೊರಂ ನೆಲವೂ ಡಾಂಬರು ರಸ್ತೆಯೂ ಹಗಲು ಕುಡಿದ ಶಾಖವನ್ನು ಉಗುಳುತ್ತಿರುತ್ತವೆ. ಗಾಳಿಯ ಉಷ್ಣಮಾನ ಚರ್ಮದ 35 ಡಿಗ್ರಿಯನ್ನು ಮೀರಿದ ಹೊತ್ತಿನಲ್ಲಿ ಗಾಳಿ ನಮ್ಮನ್ನು ತಣಿಸುವ ಬದಲು ಕಾಯಿಸುವುದೆಂಬುದನ್ನೂ ನೆನಪಿಡಬೇಕು. ಉಡುಪು ತೆಳುವಾಗಿ, ಸಡಿಲಾಗಿ, ತಿಳಿಬಣ್ಣದ್ದಾಗಿರಲಿ. ತಲೆಗೂ ಕತ್ತಿಗೂ ಒದ್ದೆ ದಸ್ತಿ ಒಳ್ಳೆಯದು.

ನೀರಿನ ವಿಷಯದಲ್ಲಿ ಎರಡು ಅತಿರೇಕಗಳಿವೆ. ಕುಡಿಯಲೇಬಾರದೆನ್ನುವವರ ಮಾತು ಮೇಲೆ ಬಂದಿದೆ. ಎಷ್ಟು ಕುಡಿದರೂ ಒಳ್ಳೆಯದೆಂಬುದೂ ತಪ್ಪು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಅಂಶ ಇಳಿದಿತ್ತು. ಅತಿಯಾಗಿ ನೀರು ಕುಡಿದದ್ದು ಇದಕ್ಕೆ ಮುಖ್ಯ ಕಾರಣ. ಬಾಯಾರಿದಷ್ಟು ಕುಡಿಯುವುದು ಸರಿಯಾದ ಅಳತೆ. ಓಟದ ಮುಂಚೆ ಮತ್ತು ನಂತರ ತೂಕ ನೋಡಿಕೊಂಡರೆ ಇನ್ನೂ ನಿಖರ: 60 ಕಿಲೋ ಇದ್ದವನು ಒಂದು ಕಿಲೋಗಿಂತ ಹೆಚ್ಚು ಇಳಿದಿದ್ದರೆ ಅವನು ಕಡಿಮೆ ಕುಡಿದಿದ್ದಾನೆ, ತೂಕ ಏರಿದ್ದರೆ ಹೆಚ್ಚು ಕುಡಿದಿದ್ದಾನೆ. ಮೂತ್ರ ದಟ್ಟ ಹಳದಿಯಾಗಿದ್ದರೆ ಅಂದು ಓಡಲು ಹೊರಡುವ ಮೊದಲು ನೀರು ಕುಡಿಯಬೇಕು. ದುಡ್ಡು ಕೊಟ್ಟು ಬಣ್ಣದ ಪಾನೀಯ ತರುವ ಅವಶ್ಯಕತೆಯಿಲ್ಲ. ಉಪ್ಪು ಹಾಕಿದ ಮಜ್ಜಿಗೆ ಸಾಕು. ಇಲ್ಲವೆ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ನಮ್ಮ ವಿದ್ಯಾರ್ಥಿನಿಯರ ಕಷ್ಟವನ್ನೂ ಇಲ್ಲಿ ಹೇಳಬೇಕು. ಕೆಲವು ಮೈದಾನಗಳಲ್ಲಿ ಶೌಚಾಲಯವಿಲ್ಲದ ಕಾರಣ ಅವರು ಮನೆಯಿಂದ ಹೊರಡುವಾಗಲೇ ನೀರು ಬಿಡುವರು. ಅವರಿಗೆ ಈ ಲೇಖನದಿಂದ ಪ್ರಯೋಜನವಿಲ್ಲ. ಬೇಕಾದದ್ದು ನಾಲ್ಕು ಗೋಡೆ, ಒಂದು ಬಾಗಿಲು, ಒಂದು ನಳ.

ಜ್ವರ, ಭೇದಿ ಇದ್ದ ದಿನ, ಅದರ ಮರುದಿನ ಓಡಬಾರದು. ಶಕ್ತಿ ಬರುವುದೆಂದು ಹೆಸರು ತಿಳಿಯದ ಪುಡಿ ಗುಳಿಗೆಗಳನ್ನು ನುಂಗುವುದು ಪ್ರಾಣಕ್ಕೇ ಎರವಾಗಬಹುದು.

ಈಗ ಆ ಭಾಲ್ಕಿಯ ಮುದುಕರ ಮಾತಿಗೆ ಬರೋಣ. ತಲೆನೋವು, ವಾಂತಿ, ತಲೆ ಸುತ್ತು, ಸ್ನಾಯು ಹಿಡಿತ ಕಂಡರೆ ಓಟ ನಿಲ್ಲಿಸಿ ನೆರಳಿಗೆ ಬಂದು ಕಾಲು ಎತ್ತಿ ಮಲಗಿದರೆ ಬಹುಮಟ್ಟಿಗೆ ಸರಿಹೋಗುವುದು. ಆದರೆ ಒಬ್ಬನು ತೊದಲಿದರೆ, ತಟ್ಟಾಡಿದರೆ, ಅಸಂಬದ್ಧ ಮಾತಾಡಿದರೆ, ಕಾರಣವಿಲ್ಲದೆ ಸಿಟ್ಟಾದರೆ ಅದು ಉಷ್ಣಾಘಾತವೆಂದೇ ತಿಳಿಯಬೇಕು. ಉಷ್ಣಾಘಾತವಾದವನ ಮೈ ಒಣಗಿರುತ್ತದೆಂಬ ಹಳೆಯ ಮಾತನ್ನು ನಂಬಿ ಕೂಡಬಾರದು. ಓಡುತ್ತ ಬಿದ್ದವನ ಮೈಯಲ್ಲಿ ಬೆವರು ಇರುವುದೇ ಹೆಚ್ಚು. ಅಲ್ಲಿಂದ ಮುಂದಿನ ಅರ್ಧಗಂಟೆ ಬೆಲೆಯುಳ್ಳದ್ದು. ಅಮೆರಿಕದ ಫಾಲ್ಮತ್ ಎಂಬ ಊರಿನಲ್ಲಿ ಆಗಸ್ಟ್ ತಿಂಗಳ ಸೆಕೆಯಲ್ಲಿ ಏಳು ಮೈಲಿಗಳ ಓಟವೊಂದು ನಡೆಯುತ್ತದೆ. ಅಲ್ಲಿ 18 ವರ್ಷಗಳ ದಾಖಲೆಯಲ್ಲಿ 274 ಮಂದಿಗೆ ಉಷ್ಣಾಘಾತವಾಗಿತ್ತು. ಗುರಿಯ ಬಳಿಯೇ ಮಂಜುಗಡ್ಡೆ ನೀರಿನ ತೊಟ್ಟಿಗಳನ್ನು ಇಟ್ಟುಕೊಂಡು ಕೂಡಲೆ ಅದರಲ್ಲಿ ಮುಳುಗಿಸಿದ್ದರಿಂದ ಒಬ್ಬರೂ ಸಾಯಲಿಲ್ಲ. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು ಎಂಬ ನಿಯಮ ಹೀಗೆ ಬೇರೂರಿತು.

ನಮ್ಮ ಮೈದಾನಗಳಲ್ಲಿ ಇದನ್ನು ಮಾಡಲು ಹೆಚ್ಚು ಖರ್ಚಿಲ್ಲ. ರಾಶಿ ಮುಚ್ಚುವ ತಾಡಪತ್ರಿಯೊಂದು, ನೀರು ತುಂಬಿದ ಎರಡು ಡ್ರಮ್ಮುಗಳು, ಸಾಧ್ಯವಾದರೆ ಒಂದು ಮಂಜುಗಡ್ಡೆ. ಬಿದ್ದವನ ಬಟ್ಟೆ ಸಡಿಲಿಸಿ ತಾಡಪತ್ರಿಯ ಮೇಲೆ ಮಲಗಿಸಿ, ನಾಲ್ವರು ಅದರ ಅಂಚುಗಳನ್ನು ತೊಟ್ಟಿಲಿನಂತೆ ಎತ್ತಿ ಹಿಡಿದು, ತಣ್ಣೀರನ್ನು ಒಳಗೆ ತುಂಬಿ ಅಲುಗಾಡಿಸುತ್ತಿರಬೇಕು. ತಲೆ ನೀರಿನ ಮೇಲಿರುವಂತೆ ಒಬ್ಬನು ಹಿಡಿದಿರಬೇಕು. ತಾಡಪತ್ರಿ ಇಲ್ಲದಿದ್ದರೆ ಕೊಡಗಟ್ಟಲೆ ನೀರು ಸುರಿದು ಗಾಳಿ ಬೀಸಬೇಕು. ಕಂಕುಳು, ಕತ್ತು, ತೊಡೆಸಂದುಗಳಿಗೆ ಒದ್ದೆ ಬಟ್ಟೆಗಳನ್ನು ಬದಲಿಸುತ್ತಿರಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಜ್ವರದ ಗುಳಿಗೆಯಿಂದ ಈ ಶಾಖ ಇಳಿಯುವುದಿಲ್ಲ. ಇಷ್ಟೆಲ್ಲ ನಡೆಯುತ್ತಿರುವಾಗಲೇ ಒಬ್ಬನು 108ಕ್ಕೆ ಫೋನು ಮಾಡಿರಬೇಕು. ಔರಾದದ ದೂರದ ಹಳ್ಳಿಗಳಿಗೆ ಗಾಡಿ ಬರಲು ತಡವಾದೀತು. ಅದು ಬರುವವರೆಗೆ ತಣಿಸುವ ಕೆಲಸ ಸಾಗಿರಲಿ, ಅವನು ಸರಿಯಾಗಿ ಮಾತಾಡಿ ನಡುಗತೊಡಗಿದಾಗ ನಿಲ್ಲಿಸಿದರಾಯಿತು. ಗುಣವಾಗಿ ಮನೆಗೆ ಬಂದವನು ಕನಿಷ್ಠ ಒಂದು ವಾರ ಓಟದ ಹೆಸರೆತ್ತಬಾರದು. ಆ ಬಳಿಕ ವೈದ್ಯರನ್ನು ಕೇಳಿ, ಮೊದಲ ದಿನದ ಅರ್ಧದೂರದಿಂದಲೇ ಮತ್ತೆ ಆರಂಭಿಸಬೇಕು.